ನಗುವವ್ವನ ಗುಡ್ಡ

ಎರೆಗಲ್ಲಿನ ಹಾಳು ಕೋಟೆಯಿಂದ ಪಡುವಣಕ್ಕೆ ನಡೆದರೆ, ಜೋಳ ಕಡಲೆ ಬೆಳೆಯುವ ಕರಿನೆಲದ ನಡುವೆ ಒಂಟಿಯಾಗಿ ಎದ್ದು ನಿಂತ ಕಲ್ಲುಗುಡ್ಡವೊಂದು ಸಿಗುತ್ತದೆ. ಕಣ್ಣು ಹರಿಯುವಷ್ಟು ದೂರ ಬೇರೊಂದು ದಿಬ್ಬವಿಲ್ಲದ ಕಾರಣ ಬಸ್ಸಿನಲ್ಲಿ ಬರುವವರಿಗೆ ಊರಿಗಿಂತ ಮೊದಲು ಈ ಗುಡ್ಡವೇ ಕಾಣುತ್ತದೆ. ನೆತ್ತಿಗೆ ತುಸು ಕೆಳಗೆ, ಮೂಡಣಕ್ಕೆ ಮುಖಮಾಡಿದ ಹೆಬ್ಬಂಡೆಯ ಮೇಲೆ ಆಳೆತ್ತರಕ್ಕೂ ಮಿಗಿಲಾದ ಹೆಂಗಸಿನ ಉಬ್ಬುಶಿಲ್ಪವಿದೆ. ಎರಡೂ ಕೈಯಲ್ಲಿ ಆರತಿಯ ತಟ್ಟೆ, ತುಸು ಹಿಂದಕ್ಕೆ ವಾಲಿದ ತಲೆ, ಅಗಲವಾಗಿ ತೆರೆದ ಬಾಯಿ. ಇವಳೇ ನಗುವವ್ವ. ಮದುವೆಯ ದಿನಗಳಲ್ಲಿ ಟ್ರ್ಯಾಕ್ಟರು, ಟೆಂಪೊಗಳು ಗುಡ್ಡದ ಬುಡದಲ್ಲಿ ಸಾಲುಗಟ್ಟುತ್ತವೆ. ಅರಿಸಿನದ ಬಣ್ಣ ಇನ್ನೂ ಮಾಸದ ಮದುಮಗಳು ಅವ್ವನ ಎದುರು ನಿಂತು ಗಟ್ಟಿಯಾಗಿ ನಗಬೇಕೆಂಬುದು ವಾಡಿಕೆ. ಹಾಗೆ ನಕ್ಕವಳ ಮನೆಯಲ್ಲಿ ನಗು ನೆಲೆಸುತ್ತದೆ ಎನ್ನುತ್ತಾರೆ. ನಾಚಿಕೊಂಡು ತಲೆ ತಗ್ಗಿಸಿದರೆ ನಾದಿನಿಯರು ಪಕ್ಕೆಗೆ ತಿವಿದಾದರೂ ನಗಿಸುತ್ತಾರೆ.

ಅವ್ವ ಯಾರು, ಯಾಕೆ ನಗುತ್ತಿದ್ದಾಳೆ ಎಂದು ಕೇಳಿದರೆ ಪೂಜಾರಿಗಳು ಸೊಗಸಾದ ಕಥೆಯೊಂದನ್ನು ಹೇಳುತ್ತಾರೆ. ಲೋಕದ ದುಃಖವನ್ನೆಲ್ಲ ನುಂಗಿ ನಕ್ಕ ದೇವಿ ಅವಳಂತೆ. ಅಚ್ಚು ಹಾಕಿಸಿದ ಪುಸ್ತಿಕೆಯಲ್ಲಿಯೂ ಅದೇ ಇದೆ. ಆದರೆ ಕೋಟೆಯ ತೆಂಕಣ ಮಗ್ಗುಲಲ್ಲಿ ಕಲ್ಲುಕುಟಿಗರ ಓಣಿಯೆಂಬ ಸಣ್ಣ ಕೇರಿಯಿದೆ. ಅಲ್ಲಿಯ ಹಿರಿಯರು ಹೇಳುವುದೇ ಬೇರೆ. ಅವರು ತಾವಾಗಿ ಹೇಳುವುದಿಲ್ಲ. ಕೇಳಿದವರಿಗೂ ಒಮ್ಮೆ ಸುತ್ತ ನೋಡಿ, ದನಿ ತಗ್ಗಿಸಿ ಹೇಳುತ್ತಾರೆ. ಇಲ್ಲಿ ಬರೆದಿರುವುದು ಅವರ ಬಾಯಿಂದ ಬಂದದ್ದು.

ಹಿಂದೆ ಒಮ್ಮೆ ಈ ಸೀಮೆಯನ್ನು ಸೂರಪ್ಪ ನಾಯಕನೆಂಬ ಪಾಳೆಯಗಾರ ಆಳುತ್ತಿದ್ದ. ಅವನು ಕೆಟ್ಟ ದೊರೆಯೆಂದು ಓಣಿಯವರೂ ಹೇಳುವುದಿಲ್ಲ. ಕೆರೆಯ ಹೂಳು ತೆಗೆಸಿದ್ದ, ಸಂತೆಯ ಸುಂಕ ಇಳಿಸಿದ್ದ, ಎದುರಿಗೆ ಬಂದ ಮುದುಕರನ್ನು ಹೆಸರು ಹಿಡಿದು ಮಾತನಾಡಿಸುತ್ತಿದ್ದ. ಆದರೆ ಹೊಳೆಯಾಚೆಯ ದೊಡ್ಡ ಅರಸನ ಕಣ್ಣಿಗೆ ತಾನು ದೊಡ್ಡವನಾಗಿ ಕಾಣಬೇಕೆಂಬುದೊಂದು ಹಂಬಲ ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಆ ಅರಸನಿಗೆ ದೂರದ ಯಾವುದೋ ರಾಜ್ಯದೊಡನೆ ಯುದ್ಧ ಬಿದ್ದು, ದಂಡು ಕಳಿಸೆಂದು ಓಲೆ ಬಂದಾಗ ನಾಯಕ ಎರಡು ಮಾತಾಡಲಿಲ್ಲ. ಮನೆಮನೆಯಿಂದ ಹುಡುಗರನ್ನು ಆರಿಸಿ, ಕೈಗೆ ಈಟಿ ಕೊಟ್ಟು, ತಾನೇ ಮುಂದಾಗಿ ಕರೆದುಕೊಂಡು ಹೋದ. ದಸರೆ ಕಳೆದು ಹೋದವರು ಯುಗಾದಿಯ ಹೊತ್ತಿಗೆ ತಿರುಗಿ ಬಂದರು. ನಾಯಕನಿಗೆ ಅರಸನಿಂದ ಬಿಳಿಯ ಛತ್ರಿಯೂ ಉದ್ದನೆಯ ಬಿರುದೂ ಸಿಕ್ಕಿದ್ದವು. ಗೆದ್ದು ಬಂದೆವು ಎಂದು ಮೂರು ಹರದಾರಿ ದೂರದಿಂದಲೇ ಕಹಳೆ ಊದಿಸಿದ. ಯಾರನ್ನು ಗೆದ್ದದ್ದು, ಯಾಕೆ ಗೆದ್ದದ್ದು ಎಂಬುದು ಎರೆಗಲ್ಲಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೋದವರಲ್ಲಿ ಅರ್ಧಕ್ಕಿಂತ ಕಡಿಮೆ ಹುಡುಗರು ಬಂದಿದ್ದಾರೆಂಬುದೂ ಅವರು ಅಗಸಿಯ ಬಾಗಿಲಿಗೆ ಬರುವ ತನಕ ಯಾರಿಗೂ ತಿಳಿಯಲಿಲ್ಲ.

ಆ ದಿನ ಬೈರೋಜ ಅಗಸಿಯ ಮೇಲಿನ ಅಟ್ಟಣೆಯಲ್ಲಿ ಕೂತಿದ್ದ. ಅವನು ಈ ಸೀಮೆಗೆಲ್ಲ ಹೆಸರಾದ ಶಿಲ್ಪಿ. ದೊರೆ ಬರುವುದರೊಳಗೆ ಬಾಗಿಲ ನೆತ್ತಿಗೆ ಆನೆಯ ಜೋಡಿಯೊಂದನ್ನು ಕೂಡಿಸಬೇಕೆಂದು ಅಪ್ಪಣೆಯಾಗಿತ್ತು. ಕೆಳಗೆ ಹೆಂಗಸರು ಆರತಿ ಹಿಡಿದು ಎರಡು ಸಾಲಾಗಿ ನಿಂತಿದ್ದರು. ಆ ಸಾಲಿನಲ್ಲಿ ಕುರುಬರ ಹಾಲವ್ವ ಇದ್ದಳು. ಗಂಡ ಸತ್ತ ಮೇಲೆ ಉಣ್ಣೆ ನೂತು, ಕಂಬಳಿಗೆ ನೂಲು ಕೊಟ್ಟು ದುರುಗ, ಯಂಕ ಎಂಬ ಇಬ್ಬರು ಮಕ್ಕಳನ್ನು ಬೆಳೆಸಿದ್ದಳು. ಇಬ್ಬರೂ ದಂಡಿಗೆ ಹೋಗಿದ್ದರು. ಬಾಗಿಲಿನೊಳಗೆ ಒಬ್ಬೊಬ್ಬನೇ ಹಾದು ಬರುವಾಗ ಹಾಲವ್ವ ಒಬ್ಬೊಬ್ಬನ ಮುಖವನ್ನೂ ನೋಡಿದಳು. ನೋಡಿ, ಅವನಲ್ಲವೆಂದು ತಿಳಿದು, ಮುಂದಿನವನ ಕಡೆ ಕಣ್ಣು ತಿರುಗಿಸಿದಳು. ಕಡೆಯವನು ಬಂದ. ಅವನ ಹಿಂದೆ ಬರಿಯ ದೂಳಿತ್ತು. ಹಾಲವ್ವ ಆ ದೂಳನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವಳ ತಲೆ ಹಿಂದಕ್ಕೆ ವಾಲಿತು, ಬಾಯಿ ತೆರೆಯಿತು. ದನಿ ಹೊರಡಲಿಲ್ಲ. ತಟ್ಟೆ ಕೈಯಲ್ಲಿ ಹಾಗೆಯೇ ಇತ್ತು, ದೀಪ ಉರಿಯುತ್ತಲೇ ಇತ್ತು. ಕಹಳೆ, ಡೊಳ್ಳುಗಳ ಗದ್ದಲದಲ್ಲಿ ಅವಳ ಕಡೆ ನೋಡುವವರೇ ಇರಲಿಲ್ಲ. ಮೇಲೆ ಕೂತ ಬೈರೋಜ ಮಾತ್ರ ನೋಡಿದ. ಅವನ ಕೈಯಲ್ಲಿದ್ದ ಉಳಿ ಜಾರಿ ಕೆಳಗೆ ಬಿತ್ತಂತೆ.

ಹಬ್ಬದ ಊಟಗಳು ಮುಗಿದ ಮೇಲೆ ನಾಯಕ ಬೈರೋಜನನ್ನು ಕರೆಸಿದ. ಗೆಲುವಿನ ಗುರುತಿಗೆ ಪಡುವಣ ಗುಡ್ಡದ ಬಂಡೆಯ ಮೇಲೆ ಒಂದು ಶಿಲ್ಪವಾಗಬೇಕು ಎಂದ. "ನಮ್ಮ ನಾಡಿನ ತಾಯಿ ಆರತಿ ಹಿಡದು ನಿಂತಿರಬೇಕು ಓಜಾ. ಹೊಳಿ ಆಚೆಯಿಂದ ಬರೂ ರಾಯಭಾರಿಗೆ ಮೊದಲ ಆಕಿ ಮುಖ ಕಾಣಬೇಕು." ಬೈರೋಜ ಕೈಮುಗಿದು, "ಅವತ್ತು ಅಗಸ್ಯಾಗ ಏನು ಕಂಡೆನೋ ಅದನ್ನಽ ಕಡೀತೀನಿ ದೊರಿ" ಎಂದ. "ಹಾಂ, ಅದಽ ಬೇಕು" ಎಂದು ನಾಯಕ ಸಂತೋಷಪಟ್ಟು ವೀಳ್ಯ ಕೊಟ್ಟ.

ಬೈರೋಜ ಬಂಡೆಯ ಸುತ್ತ ಈಚಲ ತಟ್ಟಿ ಕಟ್ಟಿಸಿ, ಒಳಗೆ ಯಾರನ್ನೂ ಬಿಡದೆ ಕೆಲಸಕ್ಕೆ ಕೂತ. ಮಳೆಗಾಲ ಹೋಗಿ ಚಳಿ ಬಂದರೂ ತಟ್ಟಿಯೊಳಗಿನ ಉಳಿಯ ಸದ್ದು ನಿಲ್ಲಲಿಲ್ಲ. ಅವನಿಗೆ ತನ್ನ ಕೈಯ ಮೇಲೆ ಬಹಳ ನಂಬಿಕೆಯಿತ್ತು, ಅದರ ಜೊತೆಗೆ ಒಂದಿಷ್ಟು ಜಂಬವೂ ಇತ್ತು. ದೊರೆಯ ಮುಂದೆ ಆಡಲಾಗದ ಮಾತನ್ನು ಕಲ್ಲಿಗೆ ಕಲಿಸಿಬಿಟ್ಟರೆ ಸಾಕು, ಅದು ತಾನಿಲ್ಲದ ಕಾಲಕ್ಕೂ ಹೇಳುತ್ತಲೇ ಇರುತ್ತದೆ ಎಂದುಕೊಂಡಿದ್ದ. ಕೆಲಸ ಮುಗಿಯಿತು ಅನ್ನಿಸಿದ ದಿನ ಹೆಂಡತಿ ಸಾವಂತ್ರವ್ವನನ್ನು ಕರೆದುಕೊಂಡು ಬಂದು ತೋರಿಸಿದ. ಅವಳು ಒಂದು ಸಲ ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಸಿದಳು. ಅತ್ತು ಹಗುರಾದ ಮೇಲೆ ಕೇಳಿದಳು:

"ಇಕಿ ಹಾಲವ್ವ ಅಲ್ಲೇನ್ರಿ? ಇದನ್ನ ದೊರಿಗೆ ತೋರಸ್ತೀರಿ?"

"ತೋರಸ್ಲಾಕ ಕಡದದ್ದು."

"ನಿಮ್ಮ ಕುತ್ತಿಗಿ ಉಳೀತದ?"

"ನಾ ಏನೂ ಮಾತಾಡಾಂಗಿಲ್ಲ. ಮಾತಾಡೂದು ಕಲ್ಲು. ಕಲ್ಲಿನ ಕುತ್ತಿಗಿ ಯಾರು ಕಡೀತಾರ?" ಎಂದು ಬೈರೋಜ ನಕ್ಕ. ಹೆಂಡತಿಯ ಅಳು ನೋಡಿ ಅವನಿಗೆ ಒಳಗೆ ಹಿಗ್ಗೇ ಆಗಿತ್ತು.

ತಟ್ಟಿ ತೆಗೆಯುವ ದಿನ ಎರೆಗಲ್ಲಿಗೆ ಎರೆಗಲ್ಲೇ ಗುಡ್ಡದ ಮೇಲಿತ್ತು. ಹಾಲವ್ವ ಮಾತ್ರ ಬಂದಿರಲಿಲ್ಲ. ಯುಗಾದಿಯಿಂದ ಅವಳು ಹೊಸ್ತಿಲು ದಾಟಿದ್ದೇ ಕಡಿಮೆ. ತಟ್ಟಿ ಕೆಳಗೆ ಬಿತ್ತು. ಮೂಡಣ ಬಿಸಿಲು ನೇರವಾಗಿ ಬಂಡೆಯ ಮೇಲೆ ಬಿದ್ದಿತ್ತು, ತೆರೆದ ಬಾಯೊಳಗಿನ ಕತ್ತಲೆ ಎಲ್ಲರಿಗೂ ಕಾಣುತ್ತಿತ್ತು. ಮೀಸೆಗೆ ಹೋದ ನಾಯಕನ ಕೈ ಅಲ್ಲೇ ನಿಂತಿತು. ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತು ಎನ್ನುತ್ತಾರೆ. ಅವನ ಪಕ್ಕದಲ್ಲಿದ್ದವರು ಕಲ್ಲನ್ನು ಬಿಟ್ಟು ಅವನ ಮುಖವನ್ನೇ ನೋಡತೊಡಗಿದರು. ಇನ್ನೊಂದು ಗಳಿಗೆ ಹಾಗೇ ಕಳೆದಿದ್ದರೆ ಏನಾಗುತ್ತಿತ್ತೋ ಯಾರಿಗೆ ಗೊತ್ತು. ಆಗ ಆಸ್ಥಾನದ ಕವಿ ಅಹೋಬಳಯ್ಯ ಎರಡು ಹೆಜ್ಜೆ ಮುಂದೆ ಬಂದು, ಕೈಯೆತ್ತಿ, ಎಲ್ಲರಿಗೂ ಕೇಳುವಂತೆ ಹೇಳಿದ: "ಆಹಾ, ಎಂಥ ನಗು! ದೊರೆಗೆ ಮಕ್ಕಳನ್ನು ಕೊಟ್ಟ ತಾಯಿ ದುಃಖವನ್ನೇ ಗೆದ್ದು ನಗುತ್ತಿದ್ದಾಳೆ. ಕಲ್ಲಿನಲ್ಲಿ ಇಂಥ ನಗುವನ್ನು ಯಾರು ಕಂಡಿದ್ದರು!"

ನಾಯಕನ ಎದೆಯಿಂದ ಉಸಿರು ಹೊರಬಿತ್ತು. "ಹೌದು. ನಗಾಕತ್ತಾಳ" ಎಂದ. ಅವನೂ ನಕ್ಕ. ಪಕ್ಕದವರು ನಕ್ಕರು. ನಗು ಇಳಿಜಾರಿನಗುಂಟ ಕೆಳಗೆ ಹರಿದು, ಬಂಡೆಯನ್ನು ಇನ್ನೂ ಕಣ್ಣಾರೆ ನೋಡಿರದವರೂ ನಗತೊಡಗಿದರು. ಬೈರೋಜನಿಗೆ ಅದರಿಂದ ಅಷ್ಟು ಬೇಸರವಾಗಲಿಲ್ಲ. ಅರಮನೆಯವರು ಹಾಗೆಂದರೆ ಅನ್ನಲಿ, ಮಕ್ಕಳನ್ನು ಕಳೆದುಕೊಂಡವರ ಕಣ್ಣಿಗೆ ಮೋಸ ಮಾಡುವುದು ಯಾರಿಂದಲೂ ಆಗದು ಎಂದು ಅವನು ಗುಂಪಿನಲ್ಲಿ ಅಂಥ ಹೆಂಗಸರನ್ನು ಹುಡುಕಿದ. ಗಾಣಿಗರ ಭರಮವ್ವ ಮುಂದೆಯೇ ನಿಂತಿದ್ದಳು. ಅವಳ ಒಬ್ಬನೇ ಮಗ ದಂಡಿನಿಂದ ಬಂದಿರಲಿಲ್ಲ. ಅವಳು ಶಿಲ್ಪವನ್ನು ದಿಟ್ಟಿಸಿದಳು, ತುಟಿ ಅದುರಿತು. ಈಗ ಗೋಳಾಡುತ್ತಾಳೆ ಎಂದು ಬೈರೋಜ ಕಾದ. ಭರಮವ್ವ ಕಣ್ಣೊರೆಸಿಕೊಂಡು ಅಕ್ಕಪಕ್ಕದವರ ಕಡೆ ತಿರುಗಿದಳು. "ನಮ್ಮ ಹುಡುಗರು ಗೆದ್ದಽ ಹೋಗ್ಯಾರ. ನೋಡ್ರೆವ್ವಾ, ಅವ್ವ ಹೆಂಗ ನಗತಾಳ" ಎಂದಳು. ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಗೆಲುವು ಕಂಡಿತು. ಅದನ್ನು ನೋಡಿ ಉಳಿದ ತಾಯಂದಿರೂ ಹತ್ತಿರ ಸರಿದು, ಬಂಡೆಯ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು.

ಬೈರೋಜನ ಕೈಗೆ ಬಂಗಾರದ ಕಡಗ ಬಿತ್ತು. ಅದು ನಗುವಲ್ಲ, ಅಳು ಎಂದು ಹೇಳಲು ಅವನ ನಾಲಿಗೆ ಏಳಲಿಲ್ಲ. ಸಾವಂತ್ರವ್ವ ಹಿಂದಿನಿಂದ ಅವನ ತೋಳು ಹಿಡಿದುಕೊಂಡಿದ್ದಳು. ಮರುದಿನ ಅಹೋಬಳಯ್ಯ ಒಂದು ಸಾಲು ಬರೆದು ಕಳಿಸಿದ. ಶಿಲ್ಪದ ಪಾದದ ಕೆಳಗೆ ಅದನ್ನು ಬೈರೋಜನೇ ಕೆತ್ತಬೇಕೆಂದು ಅಪ್ಪಣೆಯಾಯಿತು. 'ಮಕ್ಕಳನಿತ್ತು ನಕ್ಕ ಮಾತೆ' ಎಂದು ಅವನು ತನ್ನ ಕೈಯಾರೆ ಕೆತ್ತಿದ. ಕಲ್ಲು ಮಾತಾಡುತ್ತದೆಂದು ನಂಬಿದವನು ಆ ಕಲ್ಲಿನ ಬಾಯಿಗೆ ಬೇರೆಯವರ ಮಾತು ಹಾಕಿ ಗುಡ್ಡ ಇಳಿದ.

ಇದರ ಬಿಸಿ ಹಾಲವ್ವನಿಗೆ ಮುಟ್ಟಲು ಬಹಳ ದಿನ ಬೇಕಾಗಲಿಲ್ಲ. ಬಂಡೆಯ ಮೇಲಿನ ಮುಖ ಯಾರದೆಂಬುದು ಊರಿಗೆ ಗೊತ್ತಿತ್ತು. ಅರಮನೆಯಿಂದ ಅವಳಿಗೆ ರೇಷ್ಮೆ ಸೀರೆ ಬಂತು, ಕೆರೆಯ ಕೆಳಗೆ ತುಂಡು ಹೊಲ ಮಾನ್ಯವಾಗಿ ಬಂತು. ಮಕ್ಕಳು ಸತ್ತದ್ದಕ್ಕೆ ನಕ್ಕ ವೀರತಾಯಿ ಎಂದು ಹಾಡುವವರು ಊರೂರಿಗೆ ಹಾಡಿದರು. ಯಾವುದೋ ಊರಿನ ಗೌಡರು ಅವಳ ದರ್ಶನಕ್ಕೆಂದು ಬಂದು ಬಾಗಿಲಲ್ಲಿ ನಿಂತು ಹೋದರು. ಅವಳ ಓಣಿಯವರಿಗೆ ಮಾತ್ರ ಅವಳು ಬೇರೆಯೇ ಆಗಿ ಕಂಡಳು. ಗುಡ್ಡದ ಮೇಲೆ ಕಲ್ಲಿನ ಅವ್ವನ ನಗುವಿನಲ್ಲಿ ತಮ್ಮ ತಮ್ಮ ಮಕ್ಕಳ ಗೆಲುವನ್ನು ಕಂಡು ಸಮಾಧಾನ ಪಡುತ್ತಿದ್ದ ಹೆಂಗಸರೇ ಕೆಳಗಿಳಿದ ಮೇಲೆ ಹಾಲವ್ವನನ್ನು ಕಂಡು ಮುಖ ತಿರುಗಿಸಿದರು. ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರೂ ಮಣ್ಣು ಸೇರಿದಾಗ ನಗುವಂಥವಳು ಎಂಥ ಹೆಂಗಸು ಎಂದು ಮಾತಾಡಿಕೊಂಡರು. ಬಾವಿಯ ಬಳಿ ಅವಳು ಬಂದರೆ ಕೊಡಗಳು ಸರಿಯುತ್ತಿದ್ದವು. ಚೊಚ್ಚಲು ಬಸಿರಿಗೆ ಉಡಿ ತುಂಬುವ ಕುಬುಸದ ಮನೆಗೆ ಅವಳನ್ನು ಕರೆಯುವುದು ನಿಂತಿತು. ಎದುರಿಗೆ ಬಂದ ಬಸುರಿಯರು ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡು ಬದಿಗೆ ಹೋದರು.

ಒಂದು ಬೆಳಿಗ್ಗೆ ಹಾಲವ್ವ ಬೈರೋಜನ ಮನೆಯ ಕಟ್ಟೆಗೆ ಬಂದು ಕೂತಳು. ಬಹಳ ಸೊರಗಿದ್ದಳು. ಸಾವಂತ್ರವ್ವ ಕೊಟ್ಟ ಮಜ್ಜಿಗೆಯನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡಿದ್ದಳು.

"ಓಜಣ್ಣಾ, ಒಂದು ಮಾತು ಕೇಳಬೇಕಂತ ಬಂದೆ. ಅವತ್ತು ಅಗಸ್ಯಾಗ ನಾ ನಕ್ಕಿದ್ನೇನು?"

ಬೈರೋಜ ಉಳಿ ಕೆಳಗಿಟ್ಟು ಅವಳ ಎದುರು ಬಂದು ಕೂತ.

"ನನಗ ಒಂದೂ ನೆನಪಿಲ್ಲಪಾ. ದೂಳು ನೋಡಿದ್ದು ನೆನಪೈತಿ. ಮುಂದಿನದು ಇಲ್ಲ. ಎಲ್ಲಾರೂ ನಕ್ಕಿ ಅಂತಾರ. ನೀ ಮ್ಯಾಲ ಕುಂತು ನೋಡೀಯಂತಲ್ಲ. ಖರೇ ಹೇಳು."

"ಇಲ್ಲ ಹಾಲಕ್ಕಾ. ನೀ ಅತ್ತಿ. ದನಿ ಹೊರಡಲಿಲ್ಲ, ಅಷ್ಟಽ."

"ಹಂಗಾರ ಕಲ್ಲಿನ್ಯಾಗ ನನ್ನ ಯಾಕ ನಗಸೀದಿ?"

"ನಾ ನಗಸಿಲ್ಲ. ನೀ ಅತ್ತದ್ದನ್ನಽ ಕಡದೀನಿ. ಬಾ, ಬಂದು ನೀನಽ ನೋಡು. ಬ್ಯಾರೆಯವರಿಗೆ ತಿಳೀಲಿಲ್ಲ ಅಂದ್ರ ಏನಾತು, ನಿನಗ ತಿಳೀತದ."

ಹಾಲವ್ವನನ್ನು ಕೈಹಿಡಿದು ಗುಡ್ಡ ಹತ್ತಿಸಿದ. ಮೇಲೆ ಯಾರದೋ ಮದುವೆಯ ದಿಬ್ಬಣ ಬಂದಿತ್ತು. ದೊರೆಯ ಗೆಲುವಿನ ತಾಯಿಗೆ ಕೈಮುಗಿದು ಹೋಗುವ ರೂಢಿ ಆಗಲೇ ಶುರುವಾಗಿತ್ತು. ಅವರು ನಗುನಗುತ್ತ ಇಳಿದು ಹೋಗುವ ತನಕ ಹಾಲವ್ವ ಕಲ್ಲಿನ ಮರೆಯಲ್ಲಿ ನಿಂತಿದ್ದಳು. ಆಮೇಲೆ ಮುಂದೆ ಬಂದು ತನ್ನ ಮುಖವನ್ನು ತಾನು ನೋಡಿದಳು. ಅಷ್ಟು ದೊಡ್ಡದಾಗಿ, ಅಷ್ಟು ಹತ್ತಿರದಿಂದ ತನ್ನ ಮುಖವನ್ನು ಅವಳು ಎಂದೂ ನೋಡಿರಲಿಲ್ಲ. ಬೈರೋಜ ಪಕ್ಕದಲ್ಲಿ ನಿಂತು, ಅವಳು ಗುರುತು ಹಿಡಿಯುವುದನ್ನೇ ಕಾದ. ಕೊನೆಗೆ ಅವಳು ತನಗೆ ತಾನೇ ಹೇಳಿಕೊಳ್ಳುವಂತೆ, "ಹೌದಪಾ. ನಗಾಕತ್ತೀನಿ" ಎಂದಳು.

"ಹಾಲಕ್ಕಾ, ನೆಟ್ಟಗ ನೋಡು. ಕಣ್ಣು ನೋಡು. ಗಂಟಲ ನರ ನೋಡು."

"ನೋಡಿದೆ. ಎಲ್ಲಾರೂ ಹೇಳೂದು ಖರೇನಽ ಐತಿ. ನೀ ನನ್ನ ಮನಸ್ಸು ನೋಯಬಾರದಂತ ಹೇಳ್ತಿ." ಅವಳು ಅತ್ತಿತ್ತ ನೋಡಲಿಲ್ಲ, ದನಿ ಏರಿಸಲೂ ಇಲ್ಲ. "ಹಡದಾಕಿ ಹಿಂಗ ನಗಬಾರದಾಗಿತ್ತು. ನನಗ ಏನು ಬಡದಿತ್ತೋ" ಎಂದು, ಅವನು ನೀಡಿದ ಕೈ ಹಿಡಿಯದೆ ಒಬ್ಬಳೇ ಇಳಿದು ಹೋದಳು. ಬೈರೋಜ ತಿರುಗಿ ಬಂಡೆಯ ಕಡೆ ನೋಡಿದ. ಒಂದು ಕ್ಷಣ ಅವನ ಕಣ್ಣಿಗೂ ಅದು ನಗುವಾಗಿಯೇ ಕಂಡಿತಂತೆ. ಕಣ್ಣುಮುಚ್ಚಿ, ಬಂಡೆಗೆ ಹಣೆ ಹಚ್ಚಿ, ಕೈಯಿಂದ ಆ ಬಾಯಿಯ ಅಂಚನ್ನು ತಡವಿದ. ಬೆರಳಿಗೆ ಅಳು ಸಿಕ್ಕ ಮೇಲೆಯೇ ಅವನಿಗೆ ಧೈರ್ಯ ಬಂತು.

ಅಲ್ಲಿಂದ ನೇರವಾಗಿ ಅಹೋಬಳಯ್ಯನ ಮನೆಗೆ ಹೋದ. ಕವಿ ಅವನನ್ನು ಒಳಗೆ ಕರೆದು ಕೂಡಿಸಿ, ಬಾಗಿಲು ಮುಚ್ಚಿದ. ನಿಮ್ಮ ಒಂದು ಮಾತಿನಿಂದ ಹೆಂಗಸೊಬ್ಬಳು ಬದುಕಿದ್ದೂ ಸತ್ತಂತಾಗಿದ್ದಾಳೆ, ಅದನ್ನು ನೀವೇ ಹಿಂದಕ್ಕೆ ತೆಗೆದುಕೊಳ್ಳಿ ಎಂದು ಬೈರೋಜ ಬೇಡಿಕೊಂಡ. ಅಹೋಬಳಯ್ಯ ಹೇಳಿದ:

"ಬೈರೋಜಾ, ನಾನು ಕುರುಡನಲ್ಲ. ತಟ್ಟಿ ಬಿದ್ದ ಕೂಡಲೇ ನನಗೆ ಕಂಡದ್ದು ಅಳುವೇ. ದೊರೆಗೆ ಕಂಡದ್ದೂ ಅದೇ. ಅವರ ಕೈ ಮೀಸೆಯಿಂದ ಕತ್ತಿಗೆ ಇಳಿಯುವುದರೊಳಗೆ ನಾನು ನಗು ಎಂದೆ. ಇಲ್ಲದಿದ್ದರೆ ಇವತ್ತು ನೀನು ಇಲ್ಲಿ ಬಂದು ಕೂತಿರುತ್ತಿರಲಿಲ್ಲ, ನಿನ್ನ ಶಿಲ್ಪವೂ ಅಲ್ಲಿರುತ್ತಿರಲಿಲ್ಲ."

"ಅವತ್ತು ನನ್ನ ತಲಿ ಉಳಿಸಿದ್ರಿ, ಹೌದು. ಈಗ ಆಕಿಗೆ ಏನು ಹೇಳ್ಲಿ?"

"ಏನು ಹೇಳಿದರೂ ನಡೆಯುವುದಿಲ್ಲ. ನಾನು ಹೇಳಿದ್ದು ಅರಮನೆಗೆ. ಊರು ಅದನ್ನು ನಂಬಿದ್ದು ನನ್ನ ಮಾತಿಗಲ್ಲಪ್ಪ. ಅವರಿಗೆ ಆ ನಗು ಬೇಕಾಗಿತ್ತು. ಈಗ ನಾನೇ ಹೋಗಿ ಅಳು ಎಂದರೂ ನನ್ನನ್ನು ಹುಚ್ಚನೆನ್ನುತ್ತಾರೆ." ಕವಿಯ ಕಣ್ಣಲ್ಲಿ ನೀರಿತ್ತು. ಆದರೂ ಬೈರೋಜ ಏಳುವಾಗ, ಈ ಮಾತು ನಮ್ಮಿಬ್ಬರಲ್ಲೇ ಇರಲಿ ಎಂದು ಹೇಳುವುದನ್ನು ಅವನು ಮರೆಯಲಿಲ್ಲ.

ಬೈರೋಜ ಕವಿಯ ಹೆಸರು ಎತ್ತದೆ ತಾನೇ ಊರಿಗೆ ಹೇಳತೊಡಗಿದ. ಸಂತೆಯಲ್ಲಿ ಹೇಳಿದ, ಗುಡಿಯ ಕಟ್ಟೆಯ ಮೇಲೆ ಹೇಳಿದ, ಭರಮವ್ವನ ಗಾಣದ ಮುಂದೆ ನಿಂತು ಹೇಳಿದ. ಮೊದಮೊದಲು ಜನ ತಮಾಷೆಯೆಂದುಕೊಂಡರು. ಆಮೇಲೆ, "ನಕ್ಕ ಮಾತೆ ಅಂತ ನೀನಽ ಬರದೀಯಲ್ಲೋ ಓಜಾ, ನಿನ್ನ ಕೈ ಸುಳ್ಳೋ ಬಾಯಿ ಸುಳ್ಳೋ?" ಎಂದು ಕೇಳಿದರು. ಕಡಗ ಸಾಲದೆಂದು ದೊರೆಯ ಮೇಲೆ ಸಿಟ್ಟಾಗಿದ್ದಾನೆ ಎಂದರು ಕೆಲವರು. ಕಲ್ಲಿಗೆ ತನಗಿಂತ ಹೆಚ್ಚು ಕೈಮುಗಿಯುತ್ತಾರೆಂದು ಹೊಟ್ಟೆಕಿಚ್ಚು ಎಂದರು ಇನ್ನು ಕೆಲವರು. ಭರಮವ್ವ ಮಾತ್ರ ಗಾಣದ ಎತ್ತನ್ನು ನಿಲ್ಲಿಸಿ, ಅವನ ಮುಖಕ್ಕೆ ನೇರವಾಗಿ ಹೇಳಿದಳು: "ನನ್ನ ಮಗ ಸುಮ್ಮನಽ ಸತ್ತ ಅಂತ ಹೇಳಾಕ ಬಂದೀ ಏನು? ಇನ್ನೊಮ್ಮೆ ನನ್ನ ಬಾಗಲಿಗೆ ಬರಬ್ಯಾಡ."

ಮಾತು ಸೋತ ಮೇಲೆ ಬೈರೋಜ ಮತ್ತೆ ಉಳಿ ಹಿಡಿದ. ಮೊದಲು ಅವನು ಹಾಲವ್ವನ ಕಣ್ಣಿಗೆ ನೀರು ಕೊಟ್ಟಿರಲಿಲ್ಲ. ಅಗಸಿಯಲ್ಲಿ ಅವಳ ಕಣ್ಣು ಒಣಗಿತ್ತು, ಕಂಡದ್ದನ್ನು ಬಿಟ್ಟು ಕೆತ್ತುವುದು ಅವನ ರೀತಿಯಾಗಿರಲಿಲ್ಲ. ಈಗ ಆ ಹಟವನ್ನೂ ಬಿಟ್ಟ. ಮಳೆ ಹಿಡಿದು ಗುಡ್ಡಕ್ಕೆ ಯಾರೂ ಬಾರದ ವಾರದಲ್ಲಿ ಹತ್ತಿ ಹೋಗಿ, ಎರಡೂ ಕಣ್ಣುಗಳಿಂದ ಗಲ್ಲದ ತನಕ ಇಳಿಯುವ ಕಣ್ಣೀರಿನ ಗೆರೆಗಳನ್ನು ಕೊರೆದ. ಎಂಥ ದಡ್ಡನಿಗಾದರೂ ಇನ್ನು ತಿಳಿಯಲೇಬೇಕು ಎಂದುಕೊಂಡು ಇಳಿದ. ಮಳೆ ನಿಂತ ಮೇಲೆ ಹೋದವರು ಅದನ್ನು ಕಂಡು ಊರಿಗೆ ಓಡಿ ಬಂದರು. ಅವ್ವನ ಕಣ್ಣಲ್ಲಿ ಆನಂದಬಾಷ್ಪ ಬಂದಿದೆ ಎಂದು ಓಣಿ ಓಣಿಯಲ್ಲಿ ಸಾರಿದರು. ಉಳಿಯ ಗುರುತು ಕಣ್ಣೆದುರಿಗಿದ್ದರೂ ಅದು ತಾನೇ ಮೂಡಿದ್ದೆಂದು ಎಲ್ಲರೂ ನಂಬಿದರು. ಅಂದಿನಿಂದ ಆ ಕಲ್ಲು ದೊರೆಯ ಗೆಲುವಿನ ಗುರುತಾಗಿ ಉಳಿಯದೆ ದೇವರಾಯಿತು, ಎಣ್ಣೆ ಅರಿಸಿನ ಏರಿದವು.

ಆ ಸುದ್ದಿ ಹಬ್ಬಿದ ದಿನಗಳಲ್ಲೇ ಹಾಲವ್ವ ಕಾಣೆಯಾದಳು. ಮನೆಯ ಕದ ತೆರೆದಿತ್ತು, ರೇಷ್ಮೆ ಸೀರೆ ಮಡಿಕೆ ಬಿಚ್ಚದೆ ಗೂಡಿನಲ್ಲಿತ್ತು, ನೂಲುವ ಕದಿರು ಇರಲಿಲ್ಲ. ಕುರಿಯವರ ಹಿಂಡಿನೊಡನೆ ಹೊಳೆಯ ಕಡೆ ಹೋದದ್ದನ್ನು ಕಂಡೆನೆಂದು ದಾರಿಹೋಕನೊಬ್ಬ ಹೇಳಿದ. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವ್ವ ಬಂಡೆಯೊಳಗೆ ಐಕ್ಯಳಾದಳು ಎಂದು ಊರು ತೀರ್ಮಾನಿಸಿತು. ಬಾವಿಯಿಂದ ಕೊಡ ಸರಿಸಿದವರೇ ಅವಳ ಹೊಸ್ತಿಲಿಗೆ ಕಾಯಿ ಒಡೆದರು. ಅವಳು ಊರಿನಲ್ಲಿದ್ದಷ್ಟು ದಿನ ಕಲ್ಲಿನಲ್ಲಿರುವವಳನ್ನು ಮನುಷ್ಯಳಾಗಿ ಬಲ್ಲೆವೆಂಬ ಅಳುಕಾದರೂ ಒಂದಿಷ್ಟಿತ್ತು, ಈಗ ಅದೂ ತೀರಿತು.

ಮಟಮಟ ಮಧ್ಯಾಹ್ನವೊಂದರಲ್ಲಿ ಬೈರೋಜ ದೊಡ್ಡ ಸುತ್ತಿಗೆ ಹೊತ್ತು ಗುಡ್ಡ ಹತ್ತಿದ. ತಾನು ಮಾಡಿದ್ದನ್ನು ತಾನೇ ಅಳಿಸಿಬಿಟ್ಟರೆ ಎಲ್ಲಾದರೂ ಇರುವ ಹಾಲವ್ವನ ಮೇಲಿನ ಹೊರೆಯಾದರೂ ಇಳಿದೀತು ಎಂಬುದು ಅವನ ಮನಸ್ಸಿನಲ್ಲಿತ್ತು. ಮೊದಲ ಏಟಿಗೆ ಕೆಳತುಟಿಯ ಒಂದು ಚೂರು ಹಾರಿತು. ಎರಡನೆಯ ಏಟಿಗೆ ಕೈ ಎತ್ತಿದವನು ಆ ಮುಖವನ್ನು ನೋಡಿ ತಡೆದು ನಿಂತ. ಅವನು ಜೀವಮಾನದಲ್ಲಿ ಮಾಡಿದ ಕೆಲಸಗಳಲ್ಲೆಲ್ಲ ಅದೇ ಮೇಲಾದದ್ದಾಗಿತ್ತು. ಅವನು ತಡೆದ ಅಷ್ಟು ಹೊತ್ತಿನಲ್ಲಿ, ಹರಕೆಗೆಂದು ಬಂದಿದ್ದ ಹೆಂಗಸರು ಕಲ್ಲಿನ ತಿರುವಿನಲ್ಲಿ ಅವನನ್ನು ಕಂಡರು. ಕೂಗು ಎದ್ದಿತು. ಹೊಲದಲ್ಲಿದ್ದವರೆಲ್ಲ ಬುಡಕ್ಕೆ ಓಡಿಬಂದರು. ಸುತ್ತಿಗೆ ಚೆಲ್ಲಿ ಇಳಿದು ಬಂದ ಬೈರೋಜ ಎರಡೂ ಕೈ ಮುಂದೆ ಚಾಚಿ, "ಆಕಿ ಅಳಾಕತ್ತಾಳ್ರೋ, ಒಮ್ಮೆರ ನೋಡ್ರೋ" ಎಂದನಂತೆ. ಮೊದಲ ಕಲ್ಲು ಬೀಸಿದ್ದು ಭರಮವ್ವ. ಅಗಸಿಯ ಮುಂದೆ ಆ ದಿನ ಅವಳೂ ಆರತಿ ಹಿಡಿದು ನಿಂತಿದ್ದಳು. ಅವಳ ಹಿಂದೆ ಉಳಿದವರು ಬೀಸಿದರು. ಬೈರೋಜ ಬುಡದ ದಾರಿಯಲ್ಲೇ ಬಿದ್ದ. ಕಲ್ಲು ಅವನ ಮೇಲೆ ಗುಪ್ಪೆಯಾಗುವ ತನಕ ಕೈಗಳು ನಿಲ್ಲಲಿಲ್ಲ. ಸಾವಂತ್ರವ್ವನಿಗೆ ಅವನನ್ನು ಹೊರತೆಗೆದು ಮಣ್ಣುಮಾಡಲೂ ಬಿಡಲಿಲ್ಲ. ಅವಳು ಕಲ್ಲುಕುಟಿಗರ ಓಣಿಯ ಹಿರಿಯರ ಕಿವಿಯಲ್ಲಿ ನಡೆದದ್ದನ್ನೆಲ್ಲ ಹೇಳಿ, ಇದನ್ನು ಮರೆಯಬೇಡಿರೆಂದು ಕೈಹಿಡಿದು ಬೇಡಿ, ಸೀಮೆ ಬಿಟ್ಟು ಹೋದಳು. ಸೂರಪ್ಪ ನಾಯಕ ವಿಚಾರಣೆ ಮಾಡಿಸಲಿಲ್ಲ. ತಟ್ಟಿ ತೆಗೆದ ದಿನದ ನಂತರ ಅವನು ಒಮ್ಮೆಯೂ ಆ ಗುಡ್ಡ ಹತ್ತಲಿಲ್ಲವೆಂದೂ, ಅರಮನೆಯ ಪಡುವಣ ಕಿಟಕಿಗಳನ್ನು ಕಲ್ಲಿನಿಂದ ಮುಚ್ಚಿಸಿದನೆಂದೂ ಹೇಳುತ್ತಾರೆ.

ಇಂದು ಹೋದವರಿಗೆ ಇದೆಲ್ಲದರ ಗುರುತು ಕಾಣುತ್ತದೆ. ಬುಡದಲ್ಲಿ ಆಳೆತ್ತರದ ಕಲ್ಲುಗುಪ್ಪೆಯಿದೆ. ಅವ್ವನ ನಗುವನ್ನು ಕಂಡು ಉರಿದ ರಕ್ಕಸ ಅದರೊಳಗಿದ್ದಾನೆಂದು ಮಕ್ಕಳಿಗೆ ತೋರಿಸಿ, ಹತ್ತುವ ಮೊದಲು ಪ್ರತಿಯೊಬ್ಬರೂ ಅದರ ಮೇಲೆ ಒಂದು ಕಲ್ಲು ಎಸೆಯುತ್ತಾರೆ. ಮೇಲೆ, ಅವ್ವನ ಗಲ್ಲದ ಮೇಲಿನ ಗೆರೆಗಳಲ್ಲಿ ಎಣ್ಣೆ ಇಳಿದು ಹೊಳೆಯುತ್ತದೆ. ಮದುಮಗಳು ಆ ಆನಂದಬಾಷ್ಪವನ್ನು ಬೆರಳಲ್ಲಿ ತೆಗೆದು ಕಣ್ಣಿಗೆ ಹಚ್ಚಿಕೊಳ್ಳುತ್ತಾಳೆ. ಮುರಿದ ಕೆಳತುಟಿಗೆ ಅವ್ವ ಎಲೆಅಡಿಕೆ ಹಾಕಿದ್ದಾಳೆಂದು ಕುಂಕುಮ ಬಳಿಯುತ್ತಾರೆ, ತೆರೆದ ಬಾಯೊಳಗೆ ಬೆಲ್ಲದ ಚೂರು ಇಡುತ್ತಾರೆ. ನಗುವಿನ ಸದ್ದು ಬಂಡೆಗೆ ಬಡಿದು ಹಿಂದಿರುಗುವಾಗ ಅವ್ವನೂ ಜೊತೆಗೆ ನಕ್ಕಳೆಂದು ಚಪ್ಪಾಳೆ ಹೊಡೆಯುತ್ತಾರೆ. ಮೆಟ್ಟಿಲು ಶುರುವಾಗುವಲ್ಲಿ ದೇವಸ್ಥಾನದವರು ಹಳದಿ ಬಣ್ಣದ ಹಲಗೆಯೊಂದನ್ನು ನೆಟ್ಟಿದ್ದಾರೆ. ಚಪ್ಪಲಿ ಬಿಡಿ, ತೆಂಗಿನಕಾಯಿ ಮೇಲೆ ಒಡೆಯಬೇಡಿ ಎಂಬುದರ ಕೆಳಗೆ ಬಹಳ ಹಿಂದಿನಿಂದ ನಡೆದುಬಂದ ಕಟ್ಟಳೆಯೊಂದನ್ನೂ ಬರೆಸಿದ್ದಾರೆ. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಈ ಗುಡ್ಡ ಹತ್ತಬಾರದು. ಅವರ ಕಣ್ಣು ಬಿದ್ದರೆ ಅವ್ವನ ನಗು ಬಾಡುತ್ತದೆ ಎನ್ನುತ್ತಾರೆ.